ಏಳು ಗಂಟೆಯ ಕುಮುದಾ

4 ಸೆಪ್ಟೆಂಬರ್ 2008, ಸಂಜೆ 7.40. ಕರೆಂಟ್ ಸ್ಟೇಶನ್

ರೀಡಿಂಗ್ ಬರೆದಾಯಿತು. ನೇಕಾರ ಓಣಿಗೆ ಕರೆಂಟ್ ಒಯ್ಯುವ ಫೀಡರ್ ಆರೂ ಐವತ್ತೈದಕ್ಕೆ ಎಂಬತ್ತು ಆಂಪಿಯರ್. ಏಳಕ್ಕೆ ನಲವತ್ತು. ಹೊಸ ಆಪರೇಟರ್ ಆಗಿದ್ದರೆ ಎಲ್ಲೋ ಲೈನ್ ಹರಿದುಬಿತ್ತೆಂದು ಫೋನಿಗೆ ಓಡುತ್ತಿದ್ದ. ನನಗೆ ಗೊತ್ತು — ಓಣಿಯವರೆಲ್ಲ ಮಗ್ಗ ನಿಲ್ಲಿಸಿ ಟಿವಿ ಮುಂದೆ ಕೂತಿದ್ದಾರೆ. ಏಳೂವರೆಗೆ ಮೀಟರಿನ ಮುಳ್ಳು ಮತ್ತೆ ಎಂಬತ್ತಕ್ಕೆ. ರಬಕವಿಯ ನೇಕಾರ ಹಬ್ಬಕ್ಕೂ ಮಗ್ಗ ನಿಲ್ಲಿಸಲು ಒದ್ದಾಡುತ್ತಾನೆ. ಕುಮುದಾಗೆ ನಿಲ್ಲಿಸುತ್ತಾನೆ.

ಧಾರಾವಾಹಿಯ ಹುಡುಗಿ ಅದು. ಗಂಡ ಬಿಟ್ಟುಹೋದ. ಅಂಗಡಿ ಸುಟ್ಟಿತು. ಈಗ ಕಣ್ಣು ಹೋಗುವ ಹಾಗಿದೆ. ಆದರೂ ದಿನಾ ನಕ್ಕು, ಬೆಂಗಳೂರು ಮಾತಿನಲ್ಲಿ ‘ಆಗುತ್ತೆ ಕಣ್ರೀ’ ಅನ್ನುತ್ತಾಳೆ. ನನಗೆ ಸಿಟ್ಟು ಬರುತ್ತದೆ. ಏನು ಆಗುತ್ತೆ? ಯಾರು ಹೇಳಿದರು?

ಹನ್ನೊಂದು ವರ್ಷದ ಸರ್ವಿಸ್. ನಾನು ಕರೆಂಟ್ ಹಾಕಿದ ಲೈನಿನ ಮೇಲೆ ಒಬ್ಬನೂ ಸತ್ತಿಲ್ಲ. ಅದು ಕುಮುದಾ ಥರ ನಕ್ಕು ಆದದ್ದಲ್ಲ. ಹೆದರಿ ಆದದ್ದು.

9 ಸೆಪ್ಟೆಂಬರ್. ವೀಕ್ಲಿ ಆಫ್

ಮೇ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಯಿತು. ಆವತ್ತಿನಿಂದ ಹೆಂಡತಿ ಶೀತಲ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಅಡಿಗೆ ನಾನೇ. ಏಳು ಗಂಟೆಗೆ ಮಾತ್ರ ಎದ್ದು ಟಿವಿ ಮುಂದೆ ಕೂರುತ್ತಾಳೆ, ಅರ್ಧ ತಾಸು. ಇವತ್ತು ಪಕ್ಕದಲ್ಲೇ ಕೂತು ಕೇಳಿಯೇಬಿಟ್ಟೆ, ಆ ಹುಚ್ಚಿಯಲ್ಲಿ ನಿನಗೇನು ಕಾಣುತ್ತದೆ ಅಂತ.

"ಆಕಿಗೆ ನನಗಿಂತ ಹೆಚ್ಚಿಂದು ಆಗೇತ್ರಿ," ಅಂದಳು. "ಆದ್ರೂ ದಿನಾ ತಲಿ ಬಾಚ್ಕೊಂಡ ಬರ್ತಾಳ."

ಎಷ್ಟೋ ದಿನದ ಮೇಲೆ ಇಷ್ಟು ಉದ್ದ ಮಾತು. ಎದ್ದು ಹೋಗಿ ರೊಟ್ಟಿ ಬಡಿದೆ.

10 ಸೆಪ್ಟೆಂಬರ್, ಬೆಳಿಗ್ಗೆ

ಶೀತಲ ತಲೆ ಬಾಚಿಕೊಂಡಳು. ಯಾರೂ ಹೇಳಿರಲಿಲ್ಲ.

17 ಸೆಪ್ಟೆಂಬರ್, ಸಂಜೆ. ಸ್ಟೇಶನ್

ಚಿದಾನಂದನಿಗೆ ಮತ್ತೆ ಬೈದೆ. ನಮ್ಮ ಲೈನ್‌ಮನ್. ಕಂಬದ ಮೇಲೆ ಅವನಷ್ಟು ಚುರುಕಿನವರು ಯಾರೂ ಇಲ್ಲ, ಅವನಷ್ಟು ಉಡಾಫೆಯವನೂ ಇಲ್ಲ. ಗ್ಲೌಸ್ ಬೈಕಿನ ಹ್ಯಾಂಡಲ್ಲಿಗೆ ತೂಗಾಡುತ್ತಿರುತ್ತದೆ.

"ಏನೂ ಆಗೂದಿಲ್ಲ ತಗೋರಿ. ನೀವ್ ಹೆದರೂದು ನೋಡಿ ನನಗ ಹೆದರಿಕಿ ಬರ್ತೈತಿ."

"ಬರಲಿ. ಹೆದರಿದಾಂವ ಮನಿ ಮುಟ್ಟತಾನ."

ಅವನು ಕುಮುದಾಳ ದನಿ ತೆಗೆದು, "ಆಗುತ್ತೆ ಕಣ್ರೀ," ಅಂದ. ನಕ್ಕುಬಿಟ್ಟೆ. ಆ ಮೇಲೆ ಮತ್ತೆ ಬೈದೆ.

ಅವನು ಕಂಬ ಹತ್ತುವ ಮುನ್ನ ನನ್ನಿಂದ ಲೈನ್ ಕ್ಲಿಯರ್ ತಗೊಳ್ಳಬೇಕು. ನಾನು ಕರೆಂಟ್ ತೆಗೆದು ನಂಬರ್ ಕೊಡುತ್ತೇನೆ. ಕೆಲಸ ಮುಗಿಸಿ ಕೆಳಗಿಳಿದ ಮೇಲೆ, ಇಳಿದೆನೆಂಬ ಗುರುತಿಗೆ, ಅವನು ತನ್ನ ನಂಬರ್ ಕೊಡಬೇಕು — ಅವನ ಬಾಯಿಂದಲೇ, ಬೇರೆ ಯಾರ ಬಾಯಿಂದಲೂ ಅಲ್ಲ. ಅದನ್ನು ಬುಕ್ಕಿನಲ್ಲಿ ಬರೆಯುವ ತನಕ ಸ್ವಿಚ್ ಮುಟ್ಟುವಂತಿಲ್ಲ, ಮೇಲಿನವರೇ ಬಂದು ಹೇಳಲಿ. ಅವನ ಜೀವ ಬುಕ್ಕಿನ ಆ ಒಂದು ಕಾಲಂನಲ್ಲಿರುತ್ತದೆ.

22 ಸೆಪ್ಟೆಂಬರ್

ಲೋಡ್ ಶೆಡ್ಡಿಂಗ್ ಟೈಮ್ ಬದಲಾಯಿತು. ನೇಕಾರ ಓಣಿಗೆ ಸಂಜೆ ಆರರಿಂದ ಏಳು ಕಟ್. ನಮ್ಮ ಮನೆಯೂ ಅದೇ ಫೀಡರ್. ಏಳಕ್ಕೆ ಐದು ನಿಮಿಷ ಇರುವಾಗಲೇ ಫೋನು ಶುರು. ಸಾಹೇಬ್ರ, ಕೊಡ್ರಿ. ಸಾಹೇಬ್ರ, ಕುಮುದಾ ಹೋಗ್ತಾಳ. ಇವರಿಗೆ ಮಗ್ಗ ನಿಂತರೂ ನಡೆದೀತು. ಅವಳು ತಪ್ಪಬಾರದು.

26 ಸೆಪ್ಟೆಂಬರ್, ಸಂಜೆ 7.20. ಸ್ಟೇಶನ್

ಬರೆಯುತ್ತೇನೆ. ಇದ್ದದ್ದು ಇದ್ದ ಹಾಗೆ.

6.05ಕ್ಕೆ ಚಿದಾನಂದ ಲೈನ್ ಕ್ಲಿಯರ್ ತಗೊಂಡ. ಇನ್ಸುಲೇಟರ್ ಬದಲಿಸಬೇಕಿತ್ತು. 6.55ಕ್ಕೆ ಫೋನ್ — ಅವನಲ್ಲ, ನೇಕಾರ ಶಿದ್ರಾಮಪ್ಪ.

"ಚಿದಾನಂದ ಇಳದಾನ್ರಿ. ನಮ್ಮ ಕಟ್ಟಿ ಮ್ಯಾಲ ಕುಂತ ಚಾ ಕುಡ್ಯಾಕತ್ತಾನ. ಲೈನ್ ಹಾಕ್ರಿ, ಇವತ್ತ ಕುಮುದಾನ ಕಣ್ಣಿನ ಪಟ್ಟಿ ಬಿಚ್ಚತಾರ."

"ಅವನ ಕೈಯಾಗ ಫೋನ್ ಕೊಡು."

"ನಾ ಒಳಗ ಬಂದೇನ್ರಿ."

ಇಟ್ಟುಬಿಟ್ಟ. ಚಿದಾನಂದನ ಮೊಬೈಲಿಗೆ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಇನ್ನೊಮ್ಮೆ. ಎತ್ತಲಿಲ್ಲ. ಏಳು ಹೊಡೆಯಿತು. ಬುಕ್ಕಿನ ಕಾಲಂ ಖಾಲಿ. ಮುಳ್ಳು ಸೊನ್ನೆ.

ಕತ್ತಲಾದ ಟಿವಿ ಮುಂದೆ ಶೀತಲ ಕೂತಿರುವುದು ಕಣ್ಣಿಗೆ ಕಟ್ಟಿತು. ಬೆಳಿಗ್ಗೆ ತಾನಾಗಿ ಹೇಳಿದ್ದಳು, ಇವತ್ತ ಆಕಿಗೆ ಕಣ್ಣ ಬರ್ತಾವ ನೋಡ್ರಿ ಅಂತ. ಹನ್ನೊಂದು ವರ್ಷದಲ್ಲಿ ಒಂದು ಸಲ, ಒಂದೇ ಸಲ, ಅಂದುಕೊಂಡೆ: ಏನೂ ಆಗುವುದಿಲ್ಲ.

7.03ಕ್ಕೆ ಹಾಕಿದೆ. ಹಾಕಿದ ಕ್ಷಣ ಟ್ರಿಪ್ ಆಯಿತು, ಸ್ವಿಚ್ ತಾನೇ ಬಿದ್ದು ಲೈನ್ ಸತ್ತಿತು.

ಮತ್ತೆ ಹಾಕಲಿಲ್ಲ. ಕಾಲು ತಾಸಿನಿಂದ ಅವನಿಗೆ ಫೋನ್ ಮಾಡುತ್ತಿದ್ದೇನೆ. ಎತ್ತೋ ಮಾರಾಯ... ಎತ್ತು.

30 ಸೆಪ್ಟೆಂಬರ್

ಚಿದಾನಂದ ಚಹಾ ಕುಡಿದದ್ದು ನಿಜ. ಕುಡಿದು ಪಕ್ಕದ ಕಂಬ ಹತ್ತಿದ್ದ. ಮೊಬೈಲು ಬೈಕಿನ ಡಿಕ್ಕಿಯಲ್ಲಿತ್ತು.

ಬದುಕಿದ್ದಾನೆ. ಮಿರಜಿನ ಆಸ್ಪತ್ರೆಗೆ ಒಯ್ದಿದ್ದಾರೆ. ಬಲಗೈ ಮೊಣಕೈ ತನಕ ತೆಗೆದರಂತೆ. ಇನ್ನೂ ಏನೂ ಹೇಳಲಾಗುವುದಿಲ್ಲ ಅಂದಿದ್ದಾರೆ ಡಾಕ್ಟರು. ಫೋನ್ ಸದ್ದಾದರೆ ಎದ್ದು ಅಂಗಳಕ್ಕೆ ಹೋಗುತ್ತೇನೆ. ಓಣಿಯಲ್ಲಿ ಇಬ್ಬರು ನಿಂತು ಮಾತಾಡುತ್ತಿದ್ದರೆ ನನ್ನದೇ ಸುದ್ದಿ ಅನ್ನಿಸುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ — ನಾನು ಯಾರೂ ಏನೂ ಅನ್ನದೆಯೇ ಮುಟ್ಟಿಕೊಳ್ಳುತ್ತಿದ್ದೇನೆ. ಶಿದ್ರಾಮಪ್ಪ ತಾನು ಫೋನೇ ಮಾಡಿಲ್ಲ ಅನ್ನುತ್ತಿದ್ದಾನಂತೆ. ಅವನಿಗೂ ಹೆದರಿಕೆ.

ಶೀತಲ ಕೇಳಿದಳು, ಹೆಂಗಾತ್ರಿ ಇದು? ಗೊತ್ತಿಲ್ಲ ಅಂದೆ.

2 ಅಕ್ಟೋಬರ್, ಮಧ್ಯಾಹ್ನ. ಮಿರಜಿನಿಂದ ಬರುವ ಬಸ್ಸು

ಅಕ್ಷರ ಕುಣಿಯುತ್ತಿವೆ.

ಚಿದಾನಂದನಿಗೆ ಜ್ವರ. ಮಾತು ಸರಿಯಾಗಿತ್ತು. ಹೆಂಡತಿ ರಾಜಶ್ರೀಯನ್ನು ಔಷಧಿಗೆ ಕಳಿಸಿ ನನ್ನನ್ನು ಹತ್ತಿರ ಕರೆದ.

"ಬುಕ್ಕಿನ್ಯಾಗ ನಂಬರ್ ಬರದೀರೇನ್ರಿ?"

"ಇಲ್ಲ."

"ನಲವತ್ತೇಳು ಅಂತ ಬರೀರಿ. ನಂಬರ್ ಕೊಟ್ಟು, ಮರತು ಮತ್ತ ಕಂಬಾ ಹತ್ತೇನಿ ಅಂತ ನಾ ಹೇಳ್ತೇನಿ."

"ಹಂಗಂದ್ರ ತಪ್ಪು ನಿನ್ನ ಮ್ಯಾಲ ಬರ್ತೈತಿ. ನಿನ್ನ ನೌಕರಿ?"

"ಒಂದ ಕೈಯಾಗ ಕಂಬಾ ಹತ್ತಾಕ ಬರ್ತೈತೇನ್ರಿ? ನಿಮ್ಮದರ ಉಳೀಲಿ. ಶೀತಲ ವೈನಿ ಈಗರೆ ಎದ್ದ ಕುಂಡ್ರಾಕತ್ತಾರ."

ನನಗೆ ಅಳು ಬಂತು. ಅವನು ನಕ್ಕ, ಜ್ವರದಲ್ಲಿ. ಕುಮುದಾಗೆ ಕಣ್ಣು ಬಂದವೇ ಅಂತ ಕೇಳಿದ. ಬಂದವು ಅಂದೆ. "ನೋಡ್ರಿ ಮತ್ತ," ಅಂದ.

2 ಅಕ್ಟೋಬರ್, ಸಂಜೆ. ಸ್ಟೇಶನ್

ಬರೆದೆ. ನಲವತ್ತೇಳು. ನನ್ನದೇ ಪೆನ್ನು, ನನ್ನದೇ ಅಕ್ಷರ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬುಕ್ಕು ಮುಚ್ಚಿಟ್ಟೆ.

5 ಅಕ್ಟೋಬರ್

ವಿಚಾರಣೆ ಎಂಟನೇ ತಾರೀಖಿಗೆ. ಅಲ್ಲಿಯತನಕ ಡ್ಯೂಟಿ ಇಲ್ಲ. ಇಡೀ ದಿನ ಮನೆಯಲ್ಲಿ. ಏಳಕ್ಕೆ ಶೀತಲಳ ಜೊತೆ ನಾನೂ ಕೂತೆ.

ಕುಮುದಾ ನಕ್ಕಾಗ ನನಗೂ ಒಂದು ಗಳಿಗೆ ಹಗುರಾಯಿತು. ಖರೆ. ಊರು ಯಾಕೆ ಮಗ್ಗ ನಿಲ್ಲಿಸುತ್ತದೆ ಅಂತ ಈಗ ಗೊತ್ತಾಯಿತು. ಅವಳ ನಾಳೆಯನ್ನು ಯಾರೋ ಕೂತು ಬರೆದಿಟ್ಟಿದ್ದಾರೆ. ಕಣ್ಣು ಬರುತ್ತವೆ ಅಂತ ಬರೆದರೆ ಬರುತ್ತವೆ. ನಮಗೂ ಹಾಗೊಬ್ಬ ಇದ್ದಾನೆ ಅನ್ನಿಸುತ್ತದೆ, ಅರ್ಧ ತಾಸು. ಆ ನಂಬಿಕೆ ಟಿವಿ ಮುಂದೆ ಕೂತವನಿಗೆ ಅನ್ನ. ಸ್ವಿಚ್ ಮುಂದೆ ಕೂತವನಿಗೆ ವಿಷ. ನಾನು ಎರಡೂ ಕಡೆ ಕೂತವನು, ತಿಳಿಯಬೇಕಿತ್ತು.

ಚಿದಾನಂದನಿಗೆ ಜ್ವರ ಇಳಿದಿಲ್ಲ.

7 ಅಕ್ಟೋಬರ್, ಸಂಜೆ 7.10. ಮನೆ

ರಾಜಶ್ರೀ ಬಂದಿದ್ದಾಳೆ. ಬಟ್ಟೆ ಒಯ್ಯಲು ಮಿರಜಿನಿಂದ ಬಂದವಳನ್ನು ಶೀತಲ ತಾನೇ ಬಾಗಿಲಿಗೆ ಹೋಗಿ ಒಳಗೆ ಕರೆದಳು. ಮೇ ತಿಂಗಳಿಂದ ಈ ಮನೆಗೆ ಅವಳು ಕರೆದ ಮೊದಲ ವ್ಯಕ್ತಿ. ಚಹಾ ಕೂಡ ತಾನೇ ಮಾಡಿದಳು.

ಜ್ವರ ಇಳಿದಿದೆಯಂತೆ. ಉಳಿಯುತ್ತಾನಂತೆ.

"ತಪ್ಪ ನಂದ ಅಂತ ಬರಕೊಟ್ಟಾರ್ರಿ ಇವರು," ಅಂದಳು ರಾಜಶ್ರೀ. "ಇನ್ನ ಕೆಲಸಾನೂ ಇಲ್ಲ, ಪರಿಹಾರಾನೂ ಸಿಗೂದಿಲ್ಲಂತ. ಮಂದಿ ಎದುರಿಗೇ ಅಂತಾರು, ಸೊಕ್ಕಿನಿಂದ ಹತ್ತಿ ಕೈ ಕಳಕೊಂಡಾ ಅಂತ. ಇರಲಿ. ಅಣ್ಣಾರ, ನೀವ್ ಕೂಡ್ಲೆ ಬಂದ್ ಮಾಡಿದ್ದಕ್ಕ ಜೀವಾ ಉಳೀತು. ನಿಮ್ಮ ಹೊಟ್ಟಿ ತಣ್ಣಗಿರಲಿ."

ಬಗ್ಗಿ ಕಾಲು ಮುಟ್ಟಿದಳು. ಬಂದ್ ಮಾಡಿದ್ದು ನಾನಲ್ಲ. ಮಶಿನ್ನು ತಾನೇ ಟ್ರಿಪ್ ಆದದ್ದು. ಶೀತಲ ನನ್ನ ಕಡೆ ನೋಡಿ ನಕ್ಕಳು — ಇಷ್ಟು ತಿಂಗಳ ಮೇಲೆ, ನನ್ನ ಬಗ್ಗೆ ಹೆಮ್ಮೆಯಿಂದ. ನಾನು ಒಳಗೆ ಬಂದು ಬಾಗಿಲು ಮುಂದೆ ಮಾಡಿಕೊಂಡೆ.

ಹೇಳಿದರೆ ಶೀತಲ ಮತ್ತೆ ಗೋಡೆ ಕಡೆ ತಿರುಗುತ್ತಾಳೆ. ನೌಕರಿ ಹೋಗುತ್ತದೆ. ಜೇಲೂ ಇರಬಹುದು. ಹೇಳದಿದ್ದರೆ ಆ ಹೆಣ್ಣುಮಗಳು ಬದುಕಿರುವ ತನಕ ನನ್ನನ್ನು ಹರಸುತ್ತಾಳೆ. ಅದಕ್ಕೇ ಹೆಚ್ಚು ಹೆದರಿಕೆ.

ಇಬ್ಬರೂ ಟಿವಿ ನೋಡುತ್ತಿದ್ದಾರೆ. ಕುಮುದಾ ಏನೋ ಅಂದಳು, ಇಬ್ಬರೂ ನಕ್ಕರು.

ಜಾಹೀರಾತು ಬಂತು. ಎರಡು ನಿಮಿಷ ಸಿಗುತ್ತದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಬಾಯಲ್ಲಿ ಬಂದೀತು — ರಾಜಶ್ರೀ, ಚಿದಾನಂದಂದು ತಪ್ಪಿಲ್ಲವ್ವಾ. ಆ ನಂಬರ್ ಅವತ್ತ ನನಗ ಯಾರೂ ಕೊಟ್ಟಿಲ್ಲ. ನಾನ ಸ್ವಿಚ್ —