ಪಿನ್ ಹೊಡೆಯದ ಕೊನೆಯ ಅಧ್ಯಾಯ

ಡ್ಯಾಡಿ,

ಊರಲ್ಲಿ ರಜೆ ಮುಗಿಸಿ ದೋಹಾಕ್ಕೆ ಮರಳಿದ ನನ್ನ ಸಹೋದ್ಯೋಗಿ ಟ್ರೆವರ್ ಇವತ್ತು ಆಫೀಸಿಗೆ ನಿಮ್ಮ ಪುಸ್ತಕ ತಂದ. "ನಿನ್ನ ಮಮ್ಮಿ ಕೊಟ್ಟದ್ದು ಮಾರಾಯ್ತಿ. ಡ್ಯಾಡಿ ತೀರಿಕೊಂಡ ಮೇಲೆ ಮಂಚದ ಹತ್ತಿರ ಸಿಕ್ಕಿತಂತೆ."

ನೀವೂ ನಾನೂ ಓದುತ್ತಿದ್ದ ಅದೇ ಹುಚ್ಚು ಕಾದಂಬರಿ ಸರಣಿ. ಈ ಸಲ ಟ್ರಾಫಿಕ್ ಪೊಲೀಸ್ ಕೆಲಸದ ಪಿಶಾಚಿ ಹಾರುವ ತಟ್ಟೆಯನ್ನು ಫ್ಲೈಓವರ್ ಮೇಲೆ ಅಟ್ಟಿಸಿಕೊಂಡು ಹೋಗಿ ಹಿಡಿದು, "ಹೆಲ್ಮೆಟ್ ಎಲ್ಲಿ?" ಎಂದು ಗದರಿಸುತ್ತದೆ. ಊಟದ ಹೊತ್ತಿನಲ್ಲಿ ಒಬ್ಬಳೇ ನಕ್ಕೆ. ಈಗೀಗ ನಗುವುದಕ್ಕೂ ಸುಸ್ತು.

ಆಮೇಲೆ ಹಳೇ ಚಟ, ಕೊನೆಯ ಪುಟಕ್ಕೆ ಹಾರಿದೆ. ನಾನು ಮೊದಲೇ ಕೊನೆ ಓದಿಬಿಡುತ್ತೇನೆಂದು, ನೀವು ಓದಿ ಮುಗಿಸಿದ ಕೂಡಲೇ ಆ ಅಧ್ಯಾಯಕ್ಕೆ ಸ್ಟೇಪ್ಲರ್ ಪಿನ್ ಹೊಡೆದೇ ಕಳಿಸುತ್ತಿದ್ದಿರಿ. ನಾನು ಗೊಣಗಿಕೊಂಡು ಉಗುರಿನಿಂದ ಕೀಳುತ್ತಿದ್ದೆ. ಇವತ್ತು ಹಾಳೆಗಳು ಸಲೀಸಾಗಿ ತೆರೆದುಕೊಂಡವು. ಹುಡುಕಿದರೆ, ಪುಸ್ತಕದ ನಡುವೆ ನೀವು ಗುರುತಿಗೆ ಇಟ್ಟ ಬಸ್ ಟಿಕೆಟ್.

ಕೊನೆ ಓದಲಿಲ್ಲ. ಮೇಜಿನ ಮೇಲಿದ್ದ ಸ್ಟೇಪ್ಲರ್ ಎತ್ತಿಕೊಂಡು ನಾನೇ ಪಿನ್ ಹೊಡೆದೆ.

"ಎಂತ ಮಾಡ್ತೀ? ಒಳ್ಳೇ ಪುಸ್ತಕ ಹಾಳಾಗ್ತದೆ!" ಎಂದಳು ಪಕ್ಕದ ಸೀಟಿನ ಕ್ರಿಸ್ಟೀನಾ.

"ಡ್ಯಾಡಿ ಇನ್ನೂ ಅಲ್ಲಿಗೆ ಮುಟ್ಟಲಿಲ್ಲ" ಎಂದೆ.