ಅಳಿಸಿದ ಪ್ರಶ್ನೆಯ ಒಡತಿಗೆ

ಗದಗ,
ಬಿರುಗಾಳಿ ತಿಂಗಳ ಮೂವತ್ತೆಂಟು, ೨೩೧೭

ನೀಲವ್ವ ಹಡಪದ ಅವರಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಒಂಬತ್ತೇ ತಿಂಗಳು, ತಿಂಗಳಿಗೆ ನಲವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಮ್ಮ ಊರಲ್ಲಿ ಇನ್ನೂ ಉಳಿದಿರುವ ನಿಮ್ಮದೇ ಪರೀಕ್ಷೆಯ ಗೈಡಿನಿಂದ. ಹೆಸರಿನ ಕೆಳಗೆ "ಬಿ.ಎ. ಎರಡನೇ ವರ್ಷ" ಎಂದು ಬರೆದುಕೊಂಡಿದ್ದೀರಲ್ಲ, ಅದೇ. ಇತಿಹಾಸ, ಮನಃಶಾಸ್ತ್ರ, ಸರ್ಕಾರ, ಗ್ರಾಹಕ ಕಾನೂನು, ಎಲ್ಲದರ ಪ್ರಶ್ನೆಗಳೂ ಒಂದೇ ರಟ್ಟಿನೊಳಗೆ.

ಓದುತ್ತಾ ನನಗೆ ನಗುವೂ ಬಂತು, ಬೆರಗೂ ಆಯಿತು. "ಸಾಮ್ರಾಜ್ಯದ ಪತನಕ್ಕೆ ಐದು ಕಾರಣ ಬರೆಯಿರಿ" ಎಂದಿದೆ. ಆರನೆಯದು ಹೊಳೆದವರು ಏನು ಮಾಡುತ್ತಿದ್ದರು? ಮರೆವಿನ ಕಾರಣಗಳನ್ನೂ ಬಾಯಿಪಾಠ ಮಾಡುತ್ತಿದ್ದಿರಾ?

ನಮ್ಮ ಪರೀಕ್ಷೆ ಬೇರೆ ಥರ. ಊರ ನಡುವಿನ ಕೇಳುಗಟ್ಟೆಯ ಮೇಲೆ ಕೂತು ವಿದ್ಯಾರ್ಥಿಯೇ ಒಂದು ಪ್ರಶ್ನೆ ಕೇಳಬೇಕು. ಕೆಳಗೆ ಕೂತ ಹಿರಿಯರು ಸಂಜೆಯೊಳಗೆ ಉತ್ತರ ಹೇಳಿಬಿಟ್ಟರೆ ಫೇಲು. ತಲೆ ಕೆರೆದುಕೊಳ್ಳುತ್ತಾ ಉಳಿದರೆ ಪಾಸು. ಪಾಸಾದವಳು ಕೇಳುಗಿತ್ತಿ, ಆಳುವವರ ಸಭೆಯಲ್ಲಿ ಊರಿನ ಪರವಾಗಿ ಪ್ರಶ್ನೆ ಕೇಳುವ ಹಕ್ಕು ಅವಳದು. ಚಿಕ್ಕಂದಿನಿಂದ ನನಗೆ ಬೇರೆ ಆಸೆಯೇ ಇಲ್ಲ. ಆದರೆ ಎರಡು ಸಲ ಫೇಲಾಗಿದ್ದೇನೆ, ಎರಡು ಸಲವೂ ಗೈಡಿನಲ್ಲಿ ಅಚ್ಚಾದ ಪ್ರಶ್ನೆ ಕೇಳಿಯೇ. ಆ ಐದು ಕಾರಣಗಳನ್ನಂತೂ ಹಿರಿಯರು ಚುರಮರಿ ಮೆಲ್ಲುತ್ತಲೇ ಹೇಳಿ ಮುಗಿಸಿದರು. ಇನ್ನು ಉಳಿದಿರುವುದು ಮೂರನೆಯ ಸಲ, ಅದೇ ಕೊನೆ.

ಆಗ ಕಣ್ಣು ಪುಟದ ಅಂಚಿಗೆ ಹೋಯಿತು. "ದೋಷವಿರುವ ವಸ್ತು ಕೊಂಡ ಗ್ರಾಹಕ ಯಾರಿಗೆ ದೂರು ಕೊಡಬೇಕು?" ಎಂಬುದರ ಪಕ್ಕದಲ್ಲಿ ನೀವು ಪೆನ್ಸಿಲಿನಿಂದ ಬರೆದಿದ್ದೀರಿ: "ಮೋಸ ಹೋಗಿದ್ದೇ ಅವನಿಗೆ ಗೊತ್ತಾಗದಿದ್ದರೆ?" ಕೆಳಗೆ ನಿಮ್ಮ ಮೇಷ್ಟ್ರ ಕೆಂಪು ಶಾಯಿ: "ಇದು ಪರೀಕ್ಷೆಗೆ ಬರುವುದಿಲ್ಲ." ಆಮೇಲೆ ನಿಮ್ಮ ಸಾಲನ್ನು ರಬ್ಬರಿನಿಂದ ಉಜ್ಜಲಾಗಿದೆ, ಬೆಳಕಿಗೆ ಹಿಡಿದರಷ್ಟೇ ಕಾಣುತ್ತದೆ. ಮೂರು ದಿನದಿಂದ ಯೋಚಿಸುತ್ತಿದ್ದೇನೆ, ಉತ್ತರ ಸಿಕ್ಕಿಲ್ಲ. ಸಾಮ್ರಾಜ್ಯಗಳು ಬಿದ್ದದ್ದೂ ಹೀಗೆ, ಮೋಸ ಹೋದದ್ದು ಯಾರಿಗೂ ಗೊತ್ತಾಗದೆಯೇ ಇರಬಹುದೇ ಎಂದು ಕೂಡ ಅನ್ನಿಸಿತು.

ಅಚ್ಚಾದ ಪ್ರಶ್ನೆ ಯಾರು ಬೇಕಾದರೂ ಕೇಳಬಹುದು, ಕೈಬರಹದ ಪ್ರಶ್ನೆಗೆ ಬರೆದವರ ಒಪ್ಪಿಗೆ ಬೇಕು. ಇದು ನಮ್ಮ ಪದ್ಧತಿ. ನನ್ನ ಗುರು ಸಂಗವ್ವಜ್ಜಿ ಪುಟ ನೋಡಿದವರೇ, "ಅಳಿಸ್ಯಾಳಲ್ಲವ್ವಾ, ಅಂದ್ರ ವಾಪಸ್ ತಗೊಂಡಾಳ. ಆಕಿ ಬ್ಯಾಡ ಅಂದದ್ದನ್ನ ನಾವ್ ಹ್ಯಾಂಗ ಎತ್ತಿಕೊಳ್ಳೂದು?" ಎಂದರು. ನನ್ನ ಮುಖ ನೋಡಿ ಮನಸ್ಸು ಕರಗಿತೇನೋ, "ಆಕೀನ್ನೇ ಕೇಳಿ ನೋಡು. ಹಿನ್ನಂಚಿಗೆ ಒಂದ್ ಕಾಗದಾ ಹಾಕು" ಎಂದೂ ಸೇರಿಸಿದರು. ಹಿನ್ನಂಚೆ ಎಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಕಾಗದ. ನನ್ನದು ಇದು.

ನಿಮ್ಮ ಗೈಡಿನ ಕೊನೆಯ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿವೆ. ಯಾರೂ ಬಿಡಿಸಿಲ್ಲ. ಇನ್ನು ಒಂಬತ್ತು ದಿನಕ್ಕೆ, ಕಟ್ಟೆಯ ಮೇಲೆ, ಎಲ್ಲರೆದುರು ಬಿಡಿಸುತ್ತೇನೆ. ಒಪ್ಪಿಗೆ ಇದ್ದರೆ, ದಯವಿಟ್ಟು ಆ ಪ್ರಶ್ನೆಯನ್ನು ಆ ಎರಡು ಹಾಳೆಗಳ ನಡುವೆ ಇನ್ನೊಮ್ಮೆ ಬರೆದು ಅಂಟಿಸಿಡಿ, ಈ ಸಲ ಪೆನ್ನಿನಲ್ಲಿ. ನನಗೆ ಭಯವಾಗುತ್ತಿದೆ, ಮುಚ್ಚಿಡುವುದೇನಿದೆ.

ನಿಮ್ಮ ಮೇಷ್ಟ್ರಿಗೂ ನಮಸ್ಕಾರ ತಿಳಿಸಿ. ಅದು ಪರೀಕ್ಷೆಗೆ ಬರುತ್ತದಂತೆ ಎಂದು ಹೇಳಿ.

ನಿಮ್ಮ ಸಾಲಿಗಾಗಿ ಕಾದಿರುವ,
ಸಾವಂತ್ರಿ