ಅಪ್ಪ, ಬಿಳ್ಯಾ ಮತ್ತು ಒಂದು ಬಟ್ಟಲು ಕಾಳು

ಅಪ್ಪಾ,

ನಿನ್ನೆ ಎಳ್ಳ ಅಮಾವಾಸ್ಯೆ ಆಯಿತು. ಬುಟ್ಟಿ ತುಂಬ ಅಡುಗೆ ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ತೋರಿಸಿ, ಬೆಳೆಯ ಸಾಲಿಗೆ ಚರಗ ಚೆಲ್ಲಿ ಬಂದೆವು. ನೀನಿಲ್ಲದ ಹೊಲಕ್ಕೆ ಕಾಲಿಡುವುದು ಹೇಗೆಂದು ವಾರದಿಂದ ಅದೇ ಯೋಚನೆ. ಹೋದೆವು, ಬಂದೆವು, ಹೊಲ ಇದ್ದಲ್ಲೇ ಇದೆ. ಆದರೆ ಅಲ್ಲೊಂದು ಮಾತು ಹೊರಬಿತ್ತು. ಅದನ್ನು ನಿನಗೆ ಹೇಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ನೇರವಾಗಿ ಅದಕ್ಕೇ ಬಂದರೆ ಅಳು ಒತ್ತರಿಸಿ ಬರುತ್ತದೆ, ಮೊದಲಿಂದ ಹೇಳುತ್ತೇನೆ. ನೀನೂ ಅಷ್ಟೇ ಅಲ್ಲವೇ, ಯಾವ ಸುದ್ದಿಯನ್ನಾದರೂ ಬುಡದಿಂದ ಹೇಳದಿದ್ದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರು ನಿನ್ನ ಹೊದಿಕೆ ಸರಿಸಿದ ಗಳಿಗೆ ನೆನಪಾಗುತ್ತದೆ. ಮುಂಗಾರಿನ ಕೆಸರಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು, ಆಪರೇಷನ್ ಆಗಿ, ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ಅವತ್ತೇ ಮೊದಲ ಸಲ ನಿನ್ನ ತೊಡೆ ಕಂಡೆ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿ ಭಾರ ಎತ್ತುವ ಪಂದ್ಯವಿದ್ದರೂ ಜೋಳದ ಚೀಲವನ್ನು ಹಲ್ಲಲ್ಲಿ ಕಚ್ಚಿ ಎತ್ತುತ್ತಿದ್ದ ಮನುಷ್ಯನ ಕಾಲೇ ಇದು? ನನ್ನ ಎರಡು ಮುಷ್ಟಿಯಲ್ಲಿ ಹಿಡಿಯುವಷ್ಟಾಗಿತ್ತು. "ಎಲುಬು ಕೂಡೇತ್ರಿ. ಮಾಂಸಖಂಡ ಕರಗ್ಯಾವ. ಪ್ರೋಟೀನ್ ತಿನಸ್ರಿ, ಕಾಲ ಆಡಸ್ರಿ, ಇಲ್ಲಂದ್ರ ಏಳೂದು ಕಷ್ಟ ಐತಿ," ಎಂದರು ಡಾಕ್ಟರು. ನೀನು ಕೇಳಿದ್ದು ಒಂದೇ ಮಾತು: "ಎಳ್ಳ ಅಮಾಸಿಗಿ ಹೊಲಕ್ಕ ನಡಕೋತ ಹೋಗ್ತೇನೇನ್ರಿ?" ಅವರು ನನ್ನ ಮುಖ ನೋಡಿದರು.

ಆ ನೋಟ ನನಗೆ ಸಿಟ್ಟು ತರಿಸಿತು. ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಕಬಡ್ಡಿ ಕಲಿಸುವ ಪಿ.ಟಿ. ಟೀಚರ್ ನಾನು. ಮೈ ಕಟ್ಟುವುದು ಹೇಗೆಂದು ಕಂಡವರ ಮಕ್ಕಳಿಗೆಲ್ಲ ಹೇಳುವವಳು ಹೆತ್ತ ಅಪ್ಪನ ಕಾಲು ಕಟ್ಟಲಾರೆನೇ? ಮೊಟ್ಟೆ ನಮ್ಮ ಹೊಸ್ತಿಲು ದಾಟುವುದಿಲ್ಲ, ಉಳಿದದ್ದು ಕಾಳು. ನಮ್ಮೂರು ಸಾಲೋಟಗಿಯಲ್ಲಿ ನಮ್ಮದೇ ಓಣಿಗೆ ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಆಗ ಉಪಯೋಗಕ್ಕೆ ಬಂತು. ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಓಡಿಬಂದು ಮೊಳಕೆ ಬಂದ ಹೆಸರುಕಾಳು ಬೇಯಿಸಿ ತಿನ್ನಿಸುತ್ತಿದ್ದೆ. ಮಧ್ಯಾಹ್ನಕ್ಕೆ ಬಟ್ಟಲ ತುಂಬ ಕುದಿಸಿದ ಕಡಲೆ ಮುಚ್ಚಿಟ್ಟು ಹೋಗುತ್ತಿದ್ದೆ. ಸಂಜೆ ರೊಟ್ಟಿಯ ಜೊತೆ ಮಡಕಿಕಾಳಿನ ಪಲ್ಯ, ಇಲ್ಲವೇ ಅಲಸಂದಿ. ಒಂದೇ ಹೊತ್ತಿಗೆ ತುಂಬಿದರೆ ಆಗದು, ಹೊತ್ತು ಹೊತ್ತಿಗೆ ಹಂಚಿ ತಿನ್ನಬೇಕು, ಕಾಳಿನಲ್ಲಿ ಕಡಿಮೆ ಇದ್ದದ್ದನ್ನು ಜೋಳದ ರೊಟ್ಟಿ ತುಂಬಿಕೊಡುತ್ತದೆ ಎಂದೆಲ್ಲ ನಾನು ಪಾಠ ಒಪ್ಪಿಸುತ್ತಿದ್ದರೆ ನೀನು ಅವ್ವನ ಕಡೆ ತಿರುಗಿ, "ನಿನ್ನ ಮಗಳು ನನ್ನ ಹೋರಿ ಮಾಡ್ಯಾಳ ನೋಡು. ಹುಳ್ಳಿ ತಿನಿಸಿ ಕಾರಹುಣ್ಣಿವಿಗಿ ಓಡಸಾಕಿ ಅದಾಳ," ಎನ್ನುತ್ತಿದ್ದೆ.

ಮೊದಮೊದಲು ಹೊಟ್ಟೆ ಉಬ್ಬರಿಸಿ ನೀನು ಪಟ್ಟ ಪಾಡು, ನನಗೆ ತಿನ್ನಿಸಿದ ಬೈಗುಳ! "ಕಾಲ ಬರೂದಕ್ಕಿಂತ ಮೊದಲ ಹೊಟ್ಟಿ ಒಡೀತೈತಿ," ಎಂದು ನೀನು ತಟ್ಟೆ ದೂಡಿದ್ದೆ. ಆಮೇಲೆ ನಾನು ಕಾಳು ನೆನೆಸಿದ ನೀರು ಚೆಲ್ಲಿ, ಜೀರಿಗೆ, ಇಂಗು ಹಾಕಿ, ಮೆತ್ತಗೆ ಬೇಯಿಸಿ ಕೊಡತೊಡಗಿದೆ. ತಿಂದ ಮೇಲೆ ಹಾಸಿಗೆಯಲ್ಲೇ ಕಾಲು ಎತ್ತಿಸಿ ಇಳಿಸಿ, ಭಾನುವಾರಕ್ಕೊಮ್ಮೆ ತೊಡೆಗೆ ದಾರ ಸುತ್ತಿ ಅಳೆಯುತ್ತಿದ್ದೆ. ದಾರ ಉದ್ದವಾದ ವಾರ ಶಾಲೆಯಲ್ಲಿ ನನ್ನ ಸೀಟಿಯ ದನಿಯೇ ಬೇರೆ ಇರುತ್ತಿತ್ತು. ಆಮೇಲಾಮೇಲೆ ದಾರ ಬೆಳೆಯುವುದು ನಿಧಾನವಾಯಿತು. ಬಟ್ಟಲು ಮಾತ್ರ ದಿನವೂ ಖಾಲಿ. ನಾನು ಹಾಕಿದ ಲೆಕ್ಕವೆಲ್ಲ ಎಲ್ಲಿಗೆ ಹೋಗುತ್ತಿದೆ ಎಂದು ತಲೆ ಕೆಟ್ಟುಹೋಗಿತ್ತು.

ಒಂದು ಭಾನುವಾರ ಎತ್ತಿನ ಸೆಗಣಿ ಬಳಿಯುತ್ತಿದ್ದೆ. ಅದರಲ್ಲಿ ಕಡಲೆ. ಅಗಿಯದೆ ನುಂಗಿದ ಕಾಳುಗಳು, ಬೆಂದು ಉಬ್ಬಿದವು. ಜೊತೆಗಾರ ಎತ್ತು ಸತ್ತ ಮೇಲೆ ಒಂಟಿಯಾಗಿ ಉಳಿದಿದ್ದ ಬಿಳ್ಯಾ ನನ್ನನ್ನು ನೋಡುತ್ತ ಬಾಯಾಡಿಸುತ್ತಿತ್ತು, ಮೈ ಮಿರಮಿರ ಮಿಂಚುತ್ತಿತ್ತು. ನನಗೆ ತಿಳಿಯಿತು. ಎತ್ತಿಗೆ ಹಾಕದೆ ತುತ್ತು ಎತ್ತದವನು ನೀನು. ಹಬ್ಬವಿರಲಿ, ಜ್ವರವಿರಲಿ, ಮೊದಲು ಗೋದಲಿಗೆ ಮೇವು, ಆಮೇಲೆ ನಿನ್ನ ತಟ್ಟೆ. ಆದರೆ ನಿನ್ನ ಹಾಸಿಗೆ ಪಡಸಾಲೆಯ ಈ ತುದಿ, ಬಿಳ್ಯಾನ ಗೋದಲಿ ಆ ತುದಿ. ಯಾರ ಕೈಲಿ ಕಳಿಸುತ್ತಿದ್ದೆ? ಅವ್ವನೇ ಸೇರಿಕೊಂಡಿರಬೇಕೆಂದು ಅವಳ ಮೇಲೆ ಹಲ್ಲು ಕಡಿದೆ.

ಮುಂದಿನ ಶನಿವಾರ ಶಾಲೆ ಬೆಳಗಿನದು. ಮಧ್ಯಾಹ್ನ ಆಗುವಷ್ಟರಲ್ಲಿ ಬಂದೆ, ಚಪ್ಪಲಿ ಓಣಿಯಲ್ಲೇ ಬಿಟ್ಟು, ಕಳ್ಳರನ್ನು ಹಿಡಿಯಲು ಬಂದವಳ ಹಾಗೆ. ಬಾಗಿಲಲ್ಲಿ ನಿಂತವಳು ಹಾಗೇ ಕಲ್ಲಾದೆ. ನಿನ್ನ ಹಾಸಿಗೆ ಖಾಲಿ ಇತ್ತು. ನೀನು ನಿಂತಿದ್ದೆ, ಅಪ್ಪಾ. ಎಡಗೈ ಗೋಡೆಗೆ, ಬಲಗೈಯಲ್ಲಿ ಕಡಲೆಯ ಬಟ್ಟಲು. ಒಂದು ಹೆಜ್ಜೆ ಇಟ್ಟು, ಉಸಿರು ತೆಗೆದುಕೊಂಡು, ಇನ್ನೊಂದು. ಕಂಬದ ಹತ್ತಿರ ಗೋಡೆ ಇಲ್ಲ, ಅಲ್ಲಿ ಯಾವ ಆಸರೆಯೂ ಇಲ್ಲದೆ ದಾಟಿದೆ. ನನ್ನ ಕೈಗಳು ತಾವಾಗಿ ಮುಂದೆ ಚಾಚಿಕೊಂಡಿದ್ದವು. ನೀನು ಬೀಳಲಿಲ್ಲ. ಗೋದಲಿಗೆ ಒರಗಿ ಅರ್ಧ ಕಡಲೆ ಎತ್ತಿಗೆ ಸುರಿದೆ, ಉಳಿದದ್ದನ್ನು ನೀನು ಬಾಯಿಗೆ ಹಾಕಿಕೊಂಡೆ. "ತಿನ್ನಪಾ," ಎಂದೆ ನೀನು ಅದಕ್ಕೆ, "ನೀ ತಿನ್ನದ ನಾ ಹೆಂಗ ತಿನ್ಲಿ? ಅಮಾಸಿ ದಿನ ನಮ್ಮ ಕಸ್ತೂರಿಗಿ ತೋರಸೂಣು. ಅಲ್ಲೀತನಕ ಯಾರ ಮುಂದೂ ಹೇಳಬ್ಯಾಡ."

ಬಾಯಿಗೆ ಸೆರಗು ಒತ್ತಿಕೊಂಡೆ. ಓಡಿಬಂದು ನಿನ್ನ ಕಾಲು ಹಿಡಿಯಬೇಕೆನ್ನಿಸಿತು. ನನ್ನ ವಿದ್ಯೆಯನ್ನೆಲ್ಲ ನೀನು ಎತ್ತಿನ ಮುಂದೆ ಸುರಿದಿದ್ದೆ, ಅದೇ ಎತ್ತು ನಿನ್ನನ್ನು ಎಬ್ಬಿಸಿತ್ತು. ಹಾಸಿಗೆಯಲ್ಲಿ ಮಲಗಿಸಿ ಚೀಲಗಟ್ಟಲೆ ತಿನ್ನಿಸಿದ್ದರೂ ಕಾಳು ಮಾಂಸವಾಗುವುದಿಲ್ಲ, ಕಾಲಿಗೆ ಭಾರ ಬೀಳಬೇಕು ಎಂದು ದಿನವೂ ಮೈದಾನದಲ್ಲಿ ಕೂಗುವವಳು ನಾನೇ. ಆದರೆ ನಿನ್ನ ಆಸೆಯನ್ನು ಹೇಗೆ ಕೆಡಿಸಲಿ? ಅಮಾವಾಸ್ಯೆಗೆ ಇನ್ನೆಷ್ಟು ದೂರ, ಬರಲಿ, ಗೊತ್ತೇ ಇಲ್ಲದವಳ ಹಾಗೆ ಬೆಚ್ಚಿಬಿದ್ದು ನಗಿಸೋಣ ಎಂದುಕೊಂಡೆ. ಸದ್ದಿಲ್ಲದೆ ಹಿಂದೆ ಸರಿದು, ಓಣಿಯ ತುದಿಗೆ ಹೋಗಿ, ಜೋರಾಗಿ ಕೆಮ್ಮುತ್ತ ಬಂದೆ. ಒಳಗೆ ಬಂದಾಗ ನೀನು ಹಾಸಿಗೆಯಲ್ಲಿದ್ದೆ, ಏದುಸಿರು ಬಿಡುತ್ತ, "ಕಡ್ಲಿ ಭಾಳ ಛಲೋ ಆಗಿದ್ವು," ಎಂದೆ.

ಸೋಮವಾರ ಬೆಳಿಗ್ಗೆ ಹೆಸರುಕಾಳು ತಂದಾಗ ನೀನು ಏಳಲಿಲ್ಲ. ನಿದ್ದೆಯಲ್ಲೇ ಎದೆಬಡಿತ ನಿಂತಿದೆ ಎಂದರು. ಅವತ್ತು ಸ್ನಾನ ಮಾಡಿಸುವಾಗ ನಿನ್ನ ತೊಡೆ ಮುಟ್ಟಿದೆ. ತುಂಬಿತ್ತು, ಅಪ್ಪಾ. ಗಟ್ಟಿಯಾಗಿತ್ತು. ಒಂದೊಂದು ಕಾಳು ಕೂಡಿಸಿ ಕಟ್ಟಿದ ಆ ಮಾಂಸವನ್ನು ಹಾಗೇ ಮಣ್ಣಿಗೆ ಕೊಟ್ಟು ಬಂದೆವು. ಮನೆಗೆ ಬಂದರೆ ಅಡುಗೆಮನೆಯ ಗೂಟಕ್ಕೆ ಮೊಳಕೆ ಬರಲೆಂದು ನಾನು ಕಟ್ಟಿದ್ದ ಮಡಕಿಕಾಳಿನ ಗಂಟು. ಅರಿವೆ ತೂರಿ ಬಿಳಿ ಬೇರು ಹೊರಗೆ ಇಳಿದಿದ್ದವು. ಅವಕ್ಕೆ ಯಾರು ಹೇಳಬೇಕು, ತಿನ್ನುವವನು…

ಓಣಿಯವರು ಬುತ್ತಿ ತಂದರು, ಕೂತು ಸಮಾಧಾನ ಹೇಳಿದರು. ಪ್ರತಿಯೊಬ್ಬರ ಬಾಯಲ್ಲೂ ಒಂದೇ ಮಾತು: ಅಂಥ ಪೈಲ್ವಾನ, ಕೊನೆಗೆ ಕಾಲು ಕಳಕೊಂಡು ಹೋದ. ನಾನು ಕಂಡದ್ದನ್ನು ಹೇಳಲಿಲ್ಲ. ಆ ನಡಿಗೆ ನಿನ್ನದು, ತೋರಿಸುವ ಹಕ್ಕೂ ನಿನ್ನದು, ನಾನು ಹೇಗೆ ಹೇಳಲಿ ಎಂದು. ನೀನು ತೋರಿಸದೇ ಹೋದೆ. ಒಂದೇ ಒಂದು ಸಲ ಕರೆದಿದ್ದರೆ? ನಾನಾದರೂ ಒಂದು ಹೆಜ್ಜೆ ಒಳಗಿಟ್ಟಿದ್ದರೆ?

ನಿನ್ನೆ ಹೊಲದಲ್ಲಿ ಪಕ್ಕದ ಹೊಲದ ಗುರುಬಾಯಿ ಕಾಕಿ ಅವ್ವನ ಕೈ ಹಿಡಿದು, "ಪಾಪ, ಹಾಸಿಗಿ ಬಿಟ್ಟ ಏಳಲೇ ಇಲ್ಲ ನೋಡವಾ ನಿನ್ನ ಗಂಡ," ಎಂದಳು. ನನಗೆ ತಡೆಯಲಾಗಲಿಲ್ಲ. "ಎದ್ದಾನ ಕಾಕಿ. ನಮ್ಮಪ್ಪ ಎದ್ದ ನಡದಾನ. ನಾ ಕಣ್ಣಾರೆ ನೋಡೇನಿ," ಎಂದುಬಿಟ್ಟೆ. ಕಾಕಿ ನನ್ನನ್ನು ಕನಿಕರದಿಂದ ನೋಡಿದಳು, ದುಃಖಕ್ಕೆ ತಲೆ ಕೆಟ್ಟಿದೆ ಎನ್ನುವ ಹಾಗೆ. ಅವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ ಬದುವಿನ ಮೇಲೆ ಕುಳಿತಳು. ಆಮೇಲೆ, "ಖರೇ ಐತಿ. ನಾನೂ ನೋಡೇನಿ, ಹಿತ್ತಲ ಬಾಗಲಾಗಿಂದ, ದಿನಾ," ಎಂದಳು. ನನ್ನ ಕಡೆ ತಿರುಗಿ, "ಅವತ್ತ ನೀ ಮುಂದಿನ ಬಾಗಲಾಗ ಸೆರಗ ಕಚಗೊಂಡ ನಿಂತಿದ್ದೂ ನೋಡೇನಿ."

"ಮತ್ತ ಯಾಕ ಸುಮ್ನಿದ್ದಿ, ಯವ್ವಾ?"

"ನಿಮ್ಮಪ್ಪನ ಖುಷಿ ನಿಮ್ಮಪ್ಪಗ ಇರಲಿ ಅಂತ."

ಇಬ್ಬರೂ ಅಲ್ಲೇ ಕೂತು ಅತ್ತೆವು, ಕಾಕಿ ಪಾಪ ಏನೂ ತಿಳಿಯದೆ ತಾನೂ ಅತ್ತಳು. ಇದನ್ನು ನಿನಗೆ ತಿಳಿಸಲೆಂದೇ ಕೂತೆ. ಬಿಳ್ಯಾನ ಹೊರತು ಯಾರಿಗೂ ಗೊತ್ತಿಲ್ಲವೆಂದು, ತೋರಿಸುವುದು ಬಾಕಿ ಉಳಿಯಿತೆಂದು ನೀನು ಅಲ್ಲಿ ಕೊರಗಬೇಡ. ನೀನು ಆಸರೆಯಿಲ್ಲದೆ ಕಂಬ ದಾಟುವಾಗ ಆ ಬಾಗಿಲಲ್ಲಿ ಅವ್ವ ಇದ್ದಳು, ಈ ಬಾಗಿಲಲ್ಲಿ ನಾನಿದ್ದೆ. ಇಬ್ಬರೂ ನೋಡಿದ್ದೇವೆ, ಅಪ್ಪಾ.

ನಿನ್ನ ಮಗಳು,
ಕಸ್ತೂರಿ